ಇಪ್ಪತ್ತು ನಿಮಿಷದ ರೇಸು

ಮಾವ ಬಸಗೊಂಡ ಶ್ರೀಶೈಲಕ್ಕೆ ಹೋಗುವಾಗ ತನ್ನ ಹಳೆಯ ಜೀಪನ್ನು ಅಳಿಯ ಧೂಳಪ್ಪನಿಗೆ ಒಪ್ಪಿಸಿ ಹೋಗಿದ್ದ. ಮಗಳನ್ನು ಒಪ್ಪಿಸುವಾಗಲೂ ಅಷ್ಟು ಬುದ್ಧಿವಾದ ಹೇಳಿರಲಿಲ್ಲ. ಧೂಳಪ್ಪ ಆಯಿಲ್ ನೋಡದೆ ಓಡಿಸಿ ಇಂಜಿನ್ ಹಾಳು ಮಾಡಿಬಿಟ್ಟ.

ಮಾವನಿಗೆ ತಿಳಿದರೆ ಗತಿಯೇನು? ಧೂಳಪ್ಪ ಜತ್ತದ ಮೆಕ್ಯಾನಿಕ್ ತಾನಾಜಿಯನ್ನು ಗುಟ್ಟಾಗಿ ತನ್ನೂರು ಯಳವಿಗೆ ಕರೆಸಿದ.

“ವಾಲ್ವ್ ಎತ್ತೋ ಕ್ಯಾಮ್‌ಶಾಫ್ಟ್ ಸವದೈತ್ರಿ. ಹೊಸಾದು ರೋಲರ್ ಹಾಕ್ಲ್ಯೋ, ಫ್ಲ್ಯಾಟ್ ಟ್ಯಾಪೆಟ್ ಹಾಕ್ಲ್ಯೋ? ರೋಲರ್‌ಗೆ ಸಣ್ಣ ಗಾಲಿ ಇರ್ತಾವ, ತಿಕ್ಕಾಟ ಕಡಿಮಿ. ಫ್ಲ್ಯಾಟ್‌ಗೆ ಗಾಲಿ ಇರಂಗಿಲ್ಲ.”

“ಮೊದಲು ಯಾವುದಿತ್ತು?”

“ಫ್ಲ್ಯಾಟ್.”

“ಅದನ್ನಽ ಹಾಕು. ಸಪ್ಪಳ ಬದಲಾದ್ರ ಮಾವಾರಿಗೆ ಗೊತ್ತಾಗ್ತೈತಿ.”

“ಹಂಗಾದ್ರ ಹೊಸಾ ಫ್ಲ್ಯಾಟ್ ತಿಕ್ಕಿ ಹೊಂದಿಕೊಳ್ಳಾಕ ಮೊದಲ ಸಲ ಚಾಲೂ ಮಾಡಿದ ಮ್ಯಾಲ ಇಪ್ಪತ್ತು ಮಿನಿಟ್ ರೇಸ್ ಇಳಿಸಬ್ಯಾಡ್ರಿ. ನಡುವ ಬಂದ್ ಆತಂದ್ರ ಕ್ಯಾಮ್ ಹೋದಂಗ.”

ಮಾವ ಬರುವ ದಿನ ಧೂಳಪ್ಪ ಹೊಲದಿಂದ ಬರುವಷ್ಟರಲ್ಲಿ ತಾನಾಜಿ ಕೆಲಸ ಮುಗಿಸಿ, ಕೀಲಿ ಇಟ್ಟು ಹೋಗಿದ್ದ. ಶ್ರೀಶೈಲದಿಂದ ತನ್ನೂರು ಕರಜಗಿಗೆ ಮರಳಿದ್ದ ಮಾವ, ಜೀಪು ಒಯ್ಯಲು ಸಂಜೆ ಬರುವವನಿದ್ದ. ಧೂಳಪ್ಪ ದೇವರನ್ನು ನೆನೆದು ಕೀಲಿ ತಿರುವಿ, ರೇಸ್ ಪೆಡಲ್ ಒತ್ತಿದ. ಜೀಪು ಬಾಲ ತುಳಿಸಿಕೊಂಡ ಎಮ್ಮೆಯಂತೆ ಅರಚಿತು.

ಪಕ್ಕದ ಮನೆಯ ಸಾವಿತ್ರವ್ವ ಓಡಿ ಬಂದಳು. “ಬಂದ್ ಮಾಡೋ ಧೂಳ್ಯಾ! ತೊಟ್ಟಲದಾಗಿನ ಕೂಸು ಎದ್ದೈತಿ!”

“ಬಂದ್ ಮಾಡಿದ್ರ ನಾ ಸಾಯ್ತೀನಿ ಬೇ!”

“ಹಂಗಾರ ಲಗೂನ ಬಂದ್ ಮಾಡು!”

ಎದುರುಮನೆಯ ಗುರುಸಿದ್ದ ಹೊಗೆ ಕಂಡು, ಬೆಂಕಿಯೇ ಹತ್ತಿತೆಂದು ಕೊಡ ನೀರು ಎತ್ತಿಕೊಂಡು ಬಂದ. ಧೂಳಪ್ಪ ಪೆಡಲಿನಿಂದ ಕಾಲು ತೆಗೆಯದೆ, ನೀರು ಸುರಿಯಬೇಡವೆಂದು ಅವನಿಗೆ ಕೈಮುಗಿದ.

ಅಷ್ಟರಲ್ಲಿ ಮಾವನೇ ಬಂದುಬಿಟ್ಟ. ಜೀಪು ಬಿಟ್ಟು ಸಂಜೆಯವರೆಗೆ ಇರುವ ಜೀವವಲ್ಲ ಅದು. “ಇಂಜನ್ ಕೊಲ್ಲಾಕತ್ತೀರೇನ್ರಿ?” ಎನ್ನುತ್ತ ಕೀಲಿಗೆ ಕೈಹಾಕಿದ. ಧೂಳಪ್ಪ ಮಾವನ ಮಣಿಕಟ್ಟನ್ನೇ ಹಿಡಿದ. ಓಣಿ ದಂಗಾಯಿತು.

“ಮುಟ್ಟಬ್ಯಾಡ್ರಿ ಮಾವಾರ! ಹಳೇದು ನಾನಽ ಕೊಂದೀನಿ. ಇದು ಹೊಸಾ ಕ್ಯಾಮ್. ಇಪ್ಪತ್ತು ಮಿನಿಟಿನೊಳಗ ನಿಂತ್ರ ಇದೂ ಹೋಗ್ತೈತಿ!”

ಮಾವನ ಮೀಸೆ ಅದುರಿತು. ಆದರೂ ಜೀಪಿನ ಮೇಲಿನ ಮಮತೆ ದೊಡ್ಡದು. ಪಕ್ಕದಲ್ಲಿ ಕೂತು ಗಡಿಯಾರ ನೋಡತೊಡಗಿದ. ಹೊತ್ತು ತುಂಬಿದ ಮೇಲೆ ತಾನೇ ಕೀಲಿ ತಿರುಗಿಸಿದ.

ಆಗಲೇ, ಮರೆತು ಬಿಟ್ಟುಹೋಗಿದ್ದ ನಟ್ಟು ತಿರುವುವ ಪಾನಾ ಒಯ್ಯಲು ತಾನಾಜಿ ಬೈಕಿನಲ್ಲಿ ಬಂದ.

“ಯಾಕ್ರಿ ಅಷ್ಟು ರೇಸ್? ದೂರದಿಂದಽ ಕೇಳಿಸ್ತು. ಫ್ಲ್ಯಾಟ್ ಎಲ್ಲೂ ಸಿಗಲಿಲ್ಲ, ರೋಲರ್ ಹಾಕೀನಿ. ಅದಕ್ಕ ಇಪ್ಪತ್ತು ಮಿನಿಟಿನ ರೇಸ್ ಬೇಕಿದ್ದಿಲ್ಲ. ಸಪ್ಪಳನೂ ಥೇಟ್ ಹಳೇದರಂಗಽ ಐತಿ.”

ಮಾವ ನಿಧಾನವಾಗಿ ತಿರುಗಿದ. “ಅಂದ್ರ ನೀವು ಬಾಯಿ ಬಿಡದಿದ್ರ ನನಗ ಗೊತ್ತಽ ಆಗ್ತಿದ್ದಿಲ್ಲ. ಹೌದಲ್ರಿ, ಅಳಿಯಂದ್ರ?”

ಇಂಜಿನ್ ನಿಂತಿತ್ತು. ಧೂಳಪ್ಪನ ಕಾಲು ಮಾತ್ರ ಇನ್ನೂ ರೇಸ್ ಒತ್ತಿಕೊಂಡೇ ಇತ್ತು.