ಉಡಿಯಲ್ಲಿ ಹೋದ ನವಿಲು

ಯಾರ ಮೇಲೂ ಹೊಟ್ಟೆಕಿಚ್ಚು ಪಡಬಾರದು ಅಂತ ನಾನು ಪ್ರತಿ ಸೋಮವಾರ ನಿರ್ಧಾರ ಮಾಡುತ್ತೇನೆ. ಆದರೆ ಪ್ರತಿ ಸೋಮವಾರ ಕಾಲೇಜಿಗೆ ಅವಳೂ ಬರುತ್ತಾಳೆ.

ಅವಳು ಅಂದರೆ ಗಂಗಾವತಿ ಕಡೆಯ ಕ್ಯಾಂಪಿನ ಹುಡುಗಿ. ಕಾಲುವೆಗೆ ನೀರು ಬಂದ ಕಾಲದಲ್ಲಿ ಆಂಧ್ರದಿಂದ ಬಂದು ಭತ್ತ ಬೆಳೆದು ನೆಲೆನಿಂತ ಮನೆತನ. ಲಂಗ, ಅವರು ಓಣಿ ಅನ್ನುವ ದಾವಣಿ, ಮೊಣಕಾಲಿನವರೆಗೆ ಜಡೆ, ಜಡೆಯ ತುಂಬ ಮಲ್ಲಿಗೆ. ಇದಕ್ಕೆ ನಮ್ಮ ಕಾಲೇಜಿನಲ್ಲಿ 'ಸೌತ್ ಸ್ಟೈಲ್' ಅನ್ನುತ್ತಾರೆ. ಅವಳು ಹುಟ್ಟಿದ್ದು ಗಂಗಾವತಿ ಆಸ್ಪತ್ರೆಯಲ್ಲಿ, ನಾನು ಹುಟ್ಟಿದ್ದು ಯಲಬುರ್ಗಾ ಆಸ್ಪತ್ರೆಯಲ್ಲಿ. ಆದರೂ ಅವಳು ಸೌತ್, ನಾನು ಬರೀ ಯಲಬುರ್ಗಾ.

ನಾವಿಬ್ಬರೂ ಕೊಪ್ಪಳದಲ್ಲಿ ಬಿ.ಎ. ಕೊನೆಯ ವರ್ಷ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ಪ್ರತಿ ವರ್ಷ ಸೀರೆ ದಿನದಂದು ತೆಗೆದ ಒಂದು ಫೋಟೋ ಹಾಕುತ್ತಾರೆ. ಆ ಮುಖಪುಟಕ್ಕೆ ನಾನೇ ಬರಬೇಕು. ಇದಕ್ಕಿಂತ ದೊಡ್ಡ ಆಸೆ ನನಗೆ ಇಲ್ಲ. ಇದೆ ಅಂದರೆ ಒಂದೇ: ಅವಳು ಬರಬಾರದು.

೧. ಎಣ್ಣೆಯ ಪುಟ

ಅವಳಿಗೆ ಅವರ ಮಾವ ಹೈದರಾಬಾದಿನಿಂದ ಬಣ್ಣಬಣ್ಣದ ಫ್ಯಾಷನ್ ಮ್ಯಾಗಝಿನ್ ತಂದುಕೊಡುತ್ತಾನೆ. ನನಗೆ ತಂದುಕೊಡುವವನು ಬಸ್ ಸ್ಟ್ಯಾಂಡಿನ ಮಿರ್ಚಿ ಬಜ್ಜಿ ಬಂಡಿಯವನು. ಅವನು ರದ್ದಿ ಕಾಗದದಲ್ಲಿ ಮಿರ್ಚಿ ಕಟ್ಟುತ್ತಾನೆ, ಅದರಲ್ಲಿ ಒಮ್ಮೊಮ್ಮೆ ಒಳ್ಳೆಯ ಪುಟ ಇರುತ್ತದೆ. ಮೊಬೈಲಿನಲ್ಲಿ ನೋಡಬಾರದೇ ಅಂತ ಗೆಳತಿಯರು ಕೇಳುತ್ತಾರೆ. ಮೊಬೈಲಿನ ಚಿತ್ರ ಬೆರಳು ತಾಗಿದರೆ ಓಡಿಹೋಗುತ್ತದೆ. ಕಾಗದವಾದರೆ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬಹುದು.

ಒಂದು ದಿನ ಬಂಡಿಯ ಮೇಲಿನ ಕಟ್ಟಿನಲ್ಲಿ ಕಂಚಿ ಸೀರೆ ಉಟ್ಟವಳ ಅರ್ಧ ಮುಖ ಕಂಡಿತು. "ಅಣ್ಣಾ, ನನಗ ಆ ಕಾಗದದಾಗ ಕಟ್ಟಿಕೊಡ್ರಿ" ಅಂದೆ.

"ಅದು ಕೆಳಗ ಐತೆವ್ವಾ. ಮ್ಯಾಲಿನವು ಖಾಲಿ ಆಗಬೇಕು."

ಮೇಲಿನವು ಖಾಲಿಯಾಗುವವರೆಗೂ ಮಿರ್ಚಿ ತಿಂದೆ. ಕೊನೆಗೆ ಪುಟ ಕೈಗೆ ಬಂತು, ಎಣ್ಣೆ ಕುಡಿದು ಬಂತು. ಎಣ್ಣೆ ಹತ್ತಿದ ಕಾಗದದಲ್ಲಿ ಆಚೆ ಬದಿಯ ಚಿತ್ರವೂ ಕಾಣುತ್ತದಲ್ಲ, ಬೆನ್ನು ಕಾಣುವಂತೆ ಹೊರಳಿ ನಿಂತ ಕಂಚಿ ಸೀರೆಯವಳ ಸೊಂಟದಲ್ಲಿ ಒಂದು ಪ್ರೆಶರ್ ಕುಕ್ಕರ್ ಕೂತಿತ್ತು. ಮರುದಿನ ಕ್ಯಾಂಪಿನವಳು ಅದೇ ಪುಟವನ್ನು, ಹೊಸದನ್ನು, ಕ್ಲಾಸಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದಳು. ನನ್ನ ಪರವಾಗಿ ನಿನ್ನೆಯ ಮಿರ್ಚಿ ಇನ್ನೂ ಹೊಟ್ಟೆಯಲ್ಲೇ ಮಾತಾಡುತ್ತಿತ್ತು.

೨. ಕಿಟಕಿ ಇಟ್ಟ ಜಂಪರ್

ಆ ಪುಟ ಹಿಡಿದುಕೊಂಡು ನಮ್ಮೂರ ಟೇಲರ್ ಹತ್ತಿರ ಹೋದೆ. ಬೆನ್ನಿನಲ್ಲಿ ದೊಡ್ಡ ಕಿಟಕಿ, ಮೇಲೆ ಲಾಡಿ, ಲಾಡಿಗೆ ಗೊಂಡೆ. ಇಂಥ ಜಂಪರ್, ಅಂದರೆ ರವಿಕೆ, ಅವಳ ಹತ್ತಿರ ಆಗಲೇ ಇತ್ತು. ಟೇಲರ್ ಕಾಕಾ ಕನ್ನಡಕ ಏರಿಸಿ ಪುಟ ನೋಡಿದ.

"ಈ ಕುಕ್ಕರನೂ ಹೊಲೀಬೇಕೇನವಾ?"

"ಅದು ಆಚೆ ಕಡೇದ್ರಿ ಕಾಕಾ. ನೀವು ಬೆನ್ನು ನೋಡ್ರಿ."

"ಬೆನ್ನು ಎಲ್ಲೈತಿ? ಅರಿವಿ ಸಾಲಲಿಲ್ಲೇನ ಪಾಪ ಅವರಿಗೆ?"

ಸ್ಟೈಲ್ ಅಂದರೆ ಹಾಗೆಯೇ ಇರುತ್ತದೆ ಅಂತ ತಿಳಿಸಿ ಹೇಳಿದೆ. ಕಾಕಾ ಎಲ್ಲದಕ್ಕೂ ತಲೆಯಾಡಿಸಿದ. ವಾರದ ಮೇಲೆ ಹೋದರೆ ಜಂಪರ್ ತಯಾರಾಗಿತ್ತು. ಲಾಡಿ ಇತ್ತು, ಗೊಂಡೆ ಇತ್ತು, ಕಿಟಕಿ ಮಾತ್ರ ಇರಲಿಲ್ಲ. ಬೆನ್ನು ಪೂರ್ತಿ ಮುಚ್ಚಿತ್ತು.

"ಕಾಕಾ, ಕಿಟಕಿ ಎಲ್ರಿ?"

"ಇಟ್ಟಿದ್ನೆವಾ, ಛಲೋ ದೊಡ್ಡದ ಇಟ್ಟಿದ್ನಿ. ನಿಮ್ಮಪ್ಪ ಈ ದಾರಿ ಹಿಡಿದು ದಿನಾ ಅಡ್ಡಾಡ್ತಾರ. ಅವರ ಮಾರಿ ನೋಡಿ ಮನಸ ತಡೀಲಿಲ್ಲ. ನನ್ನ ಅರಿವೀನ ಹಾಕಿ ಮುಚ್ಚೀನಿ. ಅದಕ್ಕ ರೊಕ್ಕ ಬ್ಯಾಡ ತಗೋ."

೩. ತಳಕಲ್‌ನಲ್ಲಿ ಹತ್ತಿದವಳು

ಜಂಪರ್ ಹೋದರೆ ಹೋಗಲಿ, ಲಂಗ, ಓಣಿಗೆ ಯಾರಪ್ಪನ ಅಪ್ಪಣೆ ಬೇಕು ಅಂತ ಗೆಳತಿಯ ಹತ್ತಿರ ಇಸಕೊಂಡು ಒಂದು ಶುಕ್ರವಾರ ಉಟ್ಟೇಬಿಟ್ಟೆ. ಜಡೆಗೆ ಮೊಳಗಟ್ಟಲೆ ಮಲ್ಲಿಗೆ. ಕಾಲೇಜಿಗೆ ಹೋಗುವ ಬಸ್ಸು ದಾರಿಯ ತಳಕಲ್‌ಗೆ ಬಂದಾಗ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕಕ್ಕೆ ಕೂತಳು. ತಲೆಯಿಂದ ಕಾಲಿನವರೆಗೆ ನೋಡಿದಳು.

"ಯಾವೂರವ್ವಾ?"

"ಯಲಬುರ್ಗಾರಿ."

"ಯಾರ ಪೈಕಿ?"

ಹೇಳಿದೆ. ಅಪ್ಪನ ಹೆಸರು ಕೇಳಿದ ಕೂಡಲೇ ಅವಳ ಮುಖ ಅರಳಿತು. "ಹೋ, ನಮ್ಮವರ ಬಿಡು! ಗಂಡು ಏನ ಮಾಡ್ತಾನ?"

"ಯಾವ ಗಂಡು? ನಾ ಕಾಲೇಜಿಗೆ ಹೊಂಟೀನ್ರಿ."

"ನಾಚಿಕೋಬ್ಯಾಡ. ಈಗೇನು ಬಾಳ ಮಂದಿ ಹುಡುಗೀನ ಕರಕೊಂಡು ಹೋಗೇ ತೋರಿಸ್ತಾರ. ಒಬ್ಬಾಕಿನ್ನ ಕಳಿಸಿದ್ದು ಮಾತ್ರ ತಪ್ಪು."

ನಾನು ಕೊಪ್ಪಳ ಮುಟ್ಟುವ ಮೊದಲೇ ಸುದ್ದಿ ಯಲಬುರ್ಗಾ ಮುಟ್ಟಿತ್ತು. ಸಂಜೆ ಮನೆಗೆ ಹೋದರೆ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಬೈಯುತ್ತಾರೆ ಅಂತ ಹೆದರಿದೆ. ಅವರು ಮೆಲ್ಲಗೆ ಕೇಳಿದರು: "ನಮಗ ತಿಳೀದಂಗ ನಿಮ್ಮವ್ವ ನಿನ್ನ ಯಾರಿಗೆ ತೋರಿಸ್ಯಾಳ?" ಅಡುಗೆಮನೆಯಲ್ಲಿ ಅವ್ವ ಕೇಳಿದ್ದೂ ಅದನ್ನೇ, ಅಪ್ಪನ ಹೆಸರು ಹಿಡಿದು. ಇಬ್ಬರೂ ಎರಡು ದಿನ ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ. ಕ್ಯಾಂಪಿನವಳು ದಿನಾ ಅದೇ ಉಟ್ಟು ಬಸ್ಸು ಹತ್ತುತ್ತಾಳೆ, ಅವಳನ್ನು ಕಂಡಕ್ಟರ್ ಕೂಡ ಏನೂ ಕೇಳುವುದಿಲ್ಲ.

೪. ಸಾಣಾಪುರದ ಬೆಳಕು

ಅವಳ ಸ್ಟೇಟಸ್ಸಿನಲ್ಲಿ ಸಾಣಾಪುರ ಕೆರೆಯ ಬಂಡೆ ಮೇಲೆ ಕೂತ ಫೋಟೋ ಬಂತು. ಹಿಂದೆ ನೀರು, ಮುಂದೆ ಸೆರಗು. ಆ ರಾತ್ರಿ ಫೋಟೋ ದೊಡ್ಡದು ಮಾಡಿ ಬಂಡೆಯ ಗುರುತು ಇಟ್ಟುಕೊಂಡೆ. ಭಾನುವಾರ ಗೆಳತಿಯನ್ನು ಎಬ್ಬಿಸಿಕೊಂಡು ನಾನೂ ಹೋದೆ, ಅದೇ ಬಂಡೆ ಹುಡುಕಿ ಕೂತೆ.

ಅಲ್ಲಿ ಯಾರೋ ಮದುವೆಗೆ ಮುಂಚಿನ ಫೋಟೋ ತೆಗೆಸುತ್ತಿದ್ದರು. ದೊಡ್ಡ ಕ್ಯಾಮೆರಾದವನು ನನ್ನನ್ನೇ ನೋಡಿದ. ಮತ್ತೊಮ್ಮೆ ನೋಡಿದ. ಕೈ ಮಾಡಿ ಕರೆದ. ಗೆಳತಿ ಚಿವುಟಿದಳು, ನಾನು ಸೆರಗು ಸರಿಮಾಡಿಕೊಂಡು ಹೋದೆ.

"ಮೇಡಂ, ಒಂದು ಐದು ನಿಮಿಷ ಇದನ್ನು ಹಿಡ್ಕೊಳ್ತೀರಾ? ನಮ್ಮ ಹುಡುಗ ಇನ್ನೂ ಬಂದಿಲ್ಲ" ಅಂತ ತಗಡಿನಂತೆ ಮಿಂಚುವ ಒಂದು ದುಂಡನೆಯ ಹಾಳೆ ಕೊಟ್ಟ. ಬಿಸಿಲನ್ನು ಅದರ ಮೇಲೆ ಹಿಡಿದು ಮದುಮಗಳ ಮುಖಕ್ಕೆ ಬಿಡಬೇಕಂತೆ. ಬಿಟ್ಟೆ. ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ಮದುಮಗಳು ಬೆಳ್ಳಗೆ ಹೊಳೆಯುತ್ತಿದ್ದರೆ ಅದು ನನ್ನಿಂದ. ಮರುದಿನ ನಾನು ಮಾತ್ರ ಬಿಸಿಲಿಗೆ ಕರಿ ಹಂಚಿನಂತಾಗಿ ಕಾಲೇಜಿಗೆ ಹೋದೆ.

೫. ಹಾರಿದ ನವಿಲು

ಸೀರೆ ದಿನ ಹತ್ತಿರ ಬಂತು. ಈ ಸಲ ನಾನು ಬಿಡುವುದಿಲ್ಲ ಅಂತ ಹಸಿರು ರೇಷ್ಮೆಯ ಒಂದು ಜಂಪರ್ ಪೀಸ್ ತರಿಸಿದೆ. ಅದರ ತುಂಬ ಜರಿಯ ನವಿಲು. ಅಚ್ಚ ಸೌತ್. ನೇಯುವವನ ಕೈತಪ್ಪಿ ಒಂದು ನವಿಲಿಗೆ ತಲೆಯೇ ಇರಲಿಲ್ಲ, ಅದು ಕಂಕುಳಿಗೆ ಬರುವಂತೆ ಹೊಲಿಸಿದರಾಯಿತು ಅಂದುಕೊಂಡು ಆಯಿಯ ಟ್ರಂಕಿನಲ್ಲಿ ಭದ್ರವಾಗಿ ಇಟ್ಟೆ.

ಆಯಿ ಅಂದರೆ ಅಪ್ಪನ ಅವ್ವ. ಮನೆಗೆ ಬಂದ ಮುತ್ತೈದೆಗೆ ಅಕ್ಕಿ, ಕಾಯಿ, ಒಂದು ಜಂಪರ್ ಪೀಸ್ ಮಡಿಲಲ್ಲಿ ಇಟ್ಟು ಉಡಿ ತುಂಬದೆ ಕಳಿಸಿದ್ದು ಅವಳ ಜನ್ಮದಲ್ಲಿಲ್ಲ. ಹಾಗೆ ಕೊಟ್ಟ ಪೀಸನ್ನು ನಮ್ಮ ಕಡೆ ಯಾರೂ ಹೊಲಿಸುವುದಿಲ್ಲ ಅನ್ನುವುದು ನಿಮಗೂ ಗೊತ್ತು. ಅದು ಇನ್ನೊಬ್ಬರ ಉಡಿಗೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರ ಉಡಿಗೆ. ಕೆಲವು ಪೀಸುಗಳು ಮನುಷ್ಯರಿಗಿಂತ ಹೆಚ್ಚು ಊರು ನೋಡಿವೆ.

ಹೊಲಿಯಲು ಕೊಡೋಣ ಅಂತ ಟ್ರಂಕು ತೆಗೆದರೆ ನವಿಲಿಲ್ಲ.

"ಆಯಿ, ನನ್ನ ಹಸರ ಪೀಸ್ ಎಲ್ಲಿ?"

"ಕುಷ್ಟಗಿಂದ ನಿಮ್ಮತ್ತಿ ಬಂದಿದ್ಲಲ್ಲ, ಉಡಿ ತುಂಬಿದೆ."

"ಬ್ಯಾರೆ ಇರಲಿಲ್ಲೇನ?"

"ಇದ್ವು. ಮನಿಮಗಳಿಗೆ ಕಳಪೆ ಕೊಡಾಕ ಆಗತೈತೇನ?"

ಕುಷ್ಟಗಿಗೆ ಫೋನು ಮಾಡಿದೆ. ಅತ್ತೆ ಹೇಳಿದಳು, "ಅದಾ? ಭಾಳ ಛಲೋ ಇತ್ತವಾ. ಅದಕ್ಕ ಇಟ್ಟುಕೊಳ್ಳಲಿಲ್ಲ. ಕನಕಗಿರಿ ಚಿಗವ್ವ ಬಂದಿದ್ಲು, ಕೊಟ್ಟೆ."

ಕನಕಗಿರಿಗೆ ಮಾಡಿದೆ. ಚಿಗವ್ವನಿಗೆ ನವಿಲು ನೆನಪಿತ್ತು. "ಗಂಗಾವತಿ ಕಡೆ ಕ್ಯಾಂಪಿನಾಗ ನಮ್ಮವರ ಭತ್ತದ ವ್ಯಾಪಾರದ ಮಂದಿ ಅದಾರ. ಅವರ ಮನಿ ಓಪನಿಂಗ್ ಇತ್ತು. ಅಂಥಾ ಮಂದಿಗೆ ಅಂಥಾದ್ದ ಕೊಡಬೇಕಲ್ಲ?"

ನಾನು ಅಳುವುದನ್ನು ನೋಡಿ ಆಯಿಗೆ ಕನಿಕರ ಬಂತು. ಟ್ರಂಕಿನ ತಳದಿಂದ ಒಂದು ಖಣದ ಪೀಸ್ ತೆಗೆದಳು. ಕೆಂಪು, ಅಂಚಿಗೆ ಸಾಲಾಗಿ ಬಿಳಿ ಮುತ್ತು. "ಚಿಗವ್ವ ಹೋದ ತಿಂಗಳು ಬಂದಾಗ ಇದನ್ನ ನನಗ ಕೊಟ್ಟಿದ್ಲು. ಇದನ್ನ ಹೊಲಿಸು, ನನ್ನ ಇಳಕಲ್ ಸೀರಿ ಉಟಗೋ." ಆಯಿಯ ಸೀರೆ, ಆಯಿಯ ಖಣ! ಮುಖಪುಟ ಹೋಯಿತು ಅಂತ ಅವತ್ತೇ ಬಿಟ್ಟುಕೊಟ್ಟೆ.

೬. ಹಂಗ ಇರ್ರಿ

ಸೀರೆ ದಿನ ಅವಳು ಕಾಲೇಜಿನ ಗೇಟು ದಾಟಿ ಬಂದಳು. ಹಸಿರು ಜಂಪರ್. ತುಂಬ ನವಿಲು. ನಾನು ನೆಟ್ಟಗೆ ಹೋಗಿ ಅವಳ ಕೈ ಎತ್ತಿ ಕಂಕುಳ ನೋಡಿದೆ. ತಲೆಯಿಲ್ಲದ ನವಿಲು ಅಲ್ಲೇ ಇತ್ತು! ನಾನು ಎಲ್ಲಿ ಮುಚ್ಚಬೇಕು ಅಂದುಕೊಂಡಿದ್ದೆನೋ ಅವಳೂ ಅಲ್ಲೇ ಮುಚ್ಚಿದ್ದಳು.

"ಇದು ನಂದು" ಅಂದೆ.

ಅವಳು ನನ್ನ ಖಣದ ಜಂಪರಿನ ತೋಳನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಮೂರು ವರ್ಷದಿಂದ ನಾನು ಅವಳನ್ನು ನೋಡಿದ್ದು ಹಾಗೆಯೇ. ತಟ್ಟನೆ ನನ್ನ ತೋಳು ಹಿಡಿದಳು.

"ಈ ಮುತ್ತು ನಾನು ಹೊಲಿದಿದ್ದು! ಇಳಕಲ್‌ವರೆಗೂ ಹೋಗಿ ತಂದ ಖಣ ಇದು. ನಿನ್ನ ಥರ ಉಡಬೇಕು ಅಂತ ಇಟ್ಕೊಂಡಿದ್ದೆ. ಅಮ್ಮ ಕನಕಗಿರಿ ಆಂಟಿಗೆ ಕೊಟ್ಟುಬಿಟ್ಟಳು!"

"ನನ್ನ ಥರ?"

"ನಿಮಗೆಲ್ಲ ಏನಮ್ಮಾ, ಮನೆಯಲ್ಲೇ ಇಳಕಲ್ ಇರ್ತೈತೆ. ನಾನು ಏನು ಉಟ್ಟರೂ ಸೌತ್ ಅಂತೀರಿ."

ಒಂದು ಕ್ಷಣ ನನ್ನ ಹೊಟ್ಟೆ ತಣ್ಣಗಾಯಿತು. ಮೂರು ವರ್ಷ ಅವಳೂ ನನ್ನನ್ನು ನೋಡಿ ಉರಿದುಕೊಂಡಿದ್ದಾಳೆ! ಅದಕ್ಕಿಂತ ಸಿಹಿಯಾದ ಮಾತು ನಾನು ಕೇಳಿಲ್ಲ. ಆದರೆ ನವಿಲು ಇನ್ನೂ ಅವಳ ಮೈಮೇಲೆಯೇ ಇತ್ತು. ಬದಲಾಯಿಸಿಕೊಳ್ಳೋಣ ಅಂದರೆ ಅವಳು ಕಡ್ಡಿ, ನಾನು ಮಿರ್ಚಿ ತಿಂದು ಬೆಳೆದವಳು. ನಾನು ಅವಳ ತೋಳು ಬಿಡಲಿಲ್ಲ, ಅವಳು ನನ್ನದನ್ನು ಬಿಡಲಿಲ್ಲ. ಎಳೆದಾಟ ಶುರುವಾಯಿತು.

ಅಷ್ಟರಲ್ಲಿ ಕ್ಯಾಮೆರಾ ಹಿಡಿದ ಇತಿಹಾಸದ ಮೇಷ್ಟ್ರು ಓಡಿಬಂದರು. "ಹಂಗ ಇರ್ರಿ, ಹಂಗ ಇರ್ರಿ! ಬಿಡಬ್ಯಾಡ್ರಿ!"

ಸಂಚಿಕೆ ಬಂತು. ಮುಖಪುಟದಲ್ಲಿ ಇಳಕಲ್ ಸೀರೆಯ ನಾನು, ನವಿಲಿನ ಜಂಪರಿನ ಅವಳು, ಒಬ್ಬರ ತೋಳನ್ನು ಒಬ್ಬರು ಬಿಗಿಯಾಗಿ ಹಿಡಿದುಕೊಂಡಿದ್ದೇವೆ. ಕೆಳಗೆ ದಪ್ಪ ಅಕ್ಷರ: 'ಸೌಹಾರ್ದ'.

೭. ಬರೇ ಉಡಿ

ಅಷ್ಟಾದ ಮೇಲೆ ಮನೆಯ ಜಂಪರ್ ಪೀಸುಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದು ಕೀಲಿಯನ್ನು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡೆ. ಒಂದು ದಿನ ಕಾಲೇಜಿನಿಂದ ಬಂದರೆ ಟೀಪಾಯಿ ಮೇಲೆ ಇಟ್ಟಿದ್ದ ಸಂಚಿಕೆ ಕಾಣಲಿಲ್ಲ.

"ಆಯಿ, ನನ್ನ ಫೋಟೋದ ಪುಸ್ತಕ?"

"ಕುಷ್ಟಗಿಂದ ನಿಮ್ಮತ್ತಿ ಬಾಜೂ ಮನಿಯವರು ಬಂದಿದ್ರು. ಕೀಲಿ ನೀ ಒಯ್ದಿದ್ದಿ. ಅಕ್ಕಿ, ಕಾಯಿ ಅಷ್ಟ ಇಟ್ಟು ಬರೇ ಉಡಿ ಕಳಸಾಕ ಬರ್ತೈತೇನ? ಅದನ್ನ ಇಟ್ಟೆ." ಆಮೇಲೆ ದನಿ ತಗ್ಗಿಸಿ, "ಅವರಿಗೆ ಮದುವಿಗೆ ಬಂದ ಮಗ ಅದಾನ. ಬ್ಯಾಂಕಿನಾಗ ನೌಕರಿ" ಅಂದಳು.

ನನಗೆ ಮದುವೆ ಬೇಡ. ಪರೀಕ್ಷೆ ಮುಗಿದ ಮೇಲೆ ಬಿ.ಇಡಿ. ಮಾಡುವವಳು ನಾನು. ಇದನ್ನು ಮನೆ ತುಂಬ ಕೂಗಿ ಹೇಳಿದೆ. ವಾರದ ಮೇಲೆ ಕುಷ್ಟಗಿಯಿಂದ ಫೋನು ಬಂದಾಗ ಅಪ್ಪ ಟಿವಿ ಸಣ್ಣ ಮಾಡಿದರು, ಅವ್ವ ಸಕ್ಕರೆ ಡಬ್ಬಿ ಹಿಡಿದು ಬಂದಳು, ಆಯಿ ಫೋನಿನ ಸ್ಪೀಕರ್ ಹಾಕಿಸಿದಳು. ಬೇಡ ಅಂದವಳು ನಾನೂ ಬಾಗಿಲ ಹಿಂದೆ ನಿಂತು ಕೂದಲು ಸರಿಮಾಡಿಕೊಂಡೆ.

"ಪುಸ್ತಕ ನೋಡಿದ್ವಿರಿ" ಅಂದಳು ಹುಡುಗನ ತಾಯಿ. "ನಮ್ಮ ಹುಡುಗಗ ಭಾಳ ಮನಸಿಗೆ ಬಂದೈತಿ."

ಅವ್ವ ಆಯಿಯ ಬಾಯಿಗೆ ಸಕ್ಕರೆ ಹಾಕಿಯೇಬಿಟ್ಟಳು.

"ಅದಕ್ಕ ಕೇಳೋಣಂತ ಫೋನ್ ಮಾಡಿದ್ವಿ. ನಿಮ್ಮ ಹುಡುಗಿ ಬಾಜೂಕ ನವಿಲಿನ ಜಂಪರಿನಾಕಿ ಅದಾಳಲ್ರಿ, ಅಕಿ ಯಾರ ಪೈಕಿ?"

ಆಯಿ ಬಾಯಲ್ಲಿ ಸಕ್ಕರೆ ಇತ್ತು, ಮಾತಾಡುವಂತಿರಲಿಲ್ಲ. ನಾನೇ ಬಾಗಿಲ ಹಿಂದಿನಿಂದ ಬಂದು ಫೋನು ಕಸಿದುಕೊಂಡೆ.

"ಅಕಿ ಗಂಗಾವತಿ ಕಡೆ ಕ್ಯಾಂಪಿನಾಕಿರಿ. ಹೋಗಿ ಕೇಳ್ರಿ, ಛಲೋ ಹುಡುಗಿ. ಆದ್ರ ಒಂದು ಮಾತು ನಿಮ್ಮ ಮಗನಿಗೆ ಹೇಳಿ ಇಡ್ರಿ. ಹುಡುಗಿ ಅವರದು, ನವಿಲು ನಂದು."