ಪಟ್ಟದ ಶಾಯಿ ಮತ್ತು ಹನ್ನೊಂದು ಹನಿ ನೀರು

ಹಾಯಾಸೆ ಶಾಯಿ ಕಾರ್ಖಾನೆಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ಕನಜಾವಾ ನಗರದ ಸೂರುಗಳಿಂದ ಕೊನೆಯ ಹಿಮವೂ ಜಾರಿ, ಪ್ಲಮ್ ಮರಗಳು ಹೂಬಿಟ್ಟಿರುವ ಈ ಶುಭಕಾಲದಲ್ಲಿ ತಾವೂ ತಮ್ಮ ಸಿಬ್ಬಂದಿಯೂ ತಮ್ಮ ಸಕಲ ಬಣ್ಣದ ಬಾಟಲಿಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಉರಾತಾ ಶೋಜಿ, ವಯಸ್ಸು ಅರವತ್ತಾರು, ನಗರ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಪ್ರಶಸ್ತಿಪತ್ರಗಳ ಮೇಲೆ ಬೇರೆಯವರ ಹೆಸರು ಬರೆದು ನಿವೃತ್ತನಾದವನು. ನನ್ನ ಅಕ್ಷರ ಬಹಳ ಸುಂದರ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು, ಉಳಿದವರು ಹೇಳುವುದನ್ನು ನಿಲ್ಲಿಸಿದ್ದಾರೆಂಬ ಕಾರಣಕ್ಕೆ.

ನನ್ನ ದೂರು, ತಮ್ಮ ಎಲ್ಲ ಬಣ್ಣಗಳಿಗೂ ಮೇಲೆಂದು ತಾವು ಸಾರುವ ಪಟ್ಟದ ಶಾಯಿಯಾದ ಕಡುನೀಲಿಯ ಮೇಲೆ.

ಆರು ವರ್ಷಗಳ ಹಿಂದೆ ನಮ್ಮ ತಾಯಿ ತೀರಿಕೊಂಡಾಗ, ಒಂಬತ್ತು ವರ್ಷ ಆಕೆಯ ಆರೈಕೆ ಮಾಡಿದ್ದ ನನ್ನ ಅಕ್ಕ ತೊಮಿಕೊ, ಅಂತ್ಯಕ್ರಿಯೆಗೆ ಬಂದವರಿಗೆಲ್ಲ ಕೊಡಲು ಕೃತಜ್ಞತೆಯ ಕಾಗದಗಳನ್ನು ಕೈಯಾರೆ ಬರೆದಿದ್ದಳು. ಆ ಒಂಬತ್ತು ವರ್ಷಗಳಲ್ಲಿ ಒಂಬತ್ತು ಸಲವೂ ಆ ಮನೆಯ ಹೊಸ್ತಿಲು ತುಳಿಯದ ನಾನು, ಊಟಕ್ಕೆ ಕುಳಿತವರೆದುರು ಒಂದು ಕಾಗದವನ್ನು ಎತ್ತಿ ಹಿಡಿದು, "ಏನಕ್ಕ ಇದು, ಕೋಳಿ ಕೆದರಿದ ಹಾಗಿದೆ?" ಎಂದೆ. ನಾಲ್ಕು ಜನ ನಕ್ಕರು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಅಂದಿಗೆ ನಮ್ಮ ಮಾತು ನಿಂತಿತು.

ಕಳೆದ ತಿಂಗಳು ಅವಳ ಮಗ ಫೋನ್ ಮಾಡಿ, "ಮಾಮ, ಅಮ್ಮಂಗೆ ಹಾರ್ಟ್ ಆಪರೇಷನ್, ಇನ್ನು ಎರಡು ವಾರಕ್ಕೆ" ಎಂದ. ಅವಳಿರುವ ತಕಾವೊಕ ಇಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ಬುದ್ಧಿಯಿರುವ ಯಾರಾದರೂ ರೈಲು ಹತ್ತುತ್ತಿದ್ದರು. ನಾನು ಶಾಯಿ ಅಂಗಡಿಗೆ ಹೋದೆ.

ಕ್ಷಮೆ ಕೇಳುವ ಪತ್ರಕ್ಕೆ ಸಾಮಾನ್ಯ ಶಾಯಿ ಆದೀತೇ? ತಮ್ಮ ಕಡುನೀಲಿಗೆ ಮಾತ್ರ ಏಕೆ ಈ ಪಟ್ಟವೆಂದು ಅಂಗಡಿಯ ಮಿಯಾಜಿ ಅಮ್ಮನವರನ್ನು ವಿಚಾರಿಸಿದೆ. "ಹೊಳಪು, ಬಾಟಲಿ ಚಂದ, ಅವೆಲ್ಲ ಆಮೇಲಿನ ಮಾತು ಉರಾತಾ ಅವರೇ. ಇದು ನಿಬ್ಬು ಕಟ್ಟಲ್ಲ, ಬಿಸಿಲಿಗೆ ಮಾಸಲ್ಲ, ನೀರು ಬಿದ್ರೂ ಜಪ್ಪಯ್ಯ ಅನ್ನಲ್ಲ. ಬೇರೆ ಬಣ್ಣ ಕೈಕೊಟ್ರೆ ಜನ ಆ ಬಣ್ಣನ ಬೈತಾರೆ. ಇದು ಕೈಕೊಟ್ರೆ ಕಂಪನೀನೇ ಬೈತಾರೆ. ಅದಕ್ಕೇ ಇದಕ್ಕೆ ಪಟ್ಟ" ಎಂದರು.

ನಾನು ಕಚೇರಿಯ ಮನುಷ್ಯ, ಮಾತು ನಂಬುವವನಲ್ಲ. ಮನೆಯಲ್ಲಿದ್ದ ಹತ್ತು ಶಾಯಿಗಳನ್ನೂ ತಮ್ಮದನ್ನೂ ತೆಗೆದುಕೊಂಡು, ಒಂದೇ ಹಾಳೆಯಲ್ಲಿ ಹನ್ನೊಂದು ಸಾಲು "ಕ್ಷಮಿಸಕ್ಕ" ಎಂದು ಬರೆದು, ಕಣ್ಣಿಗೆ ಔಷಧಿ ಬಿಡುವ ನಳಿಕೆಯಿಂದ ಸಾಲಿಗೊಂದು ಹನಿ ನೀರು ಬಿಟ್ಟೆ. ಹತ್ತು ಸಾಲು ಕಲಸಿಹೋದವು. ತಮ್ಮದು ಅಲುಗಲಿಲ್ಲ. ಆಮೇಲೆ ಅದರಿಂದಲೇ ಹತ್ತು ದಿನ ಕೂತು ಮೂರು ಪುಟಗಳ ಭವ್ಯ ಪತ್ರ ರಚಿಸಿದೆ. ಅದರಲ್ಲಿ ಋತುವರ್ಣನೆಯಿತ್ತು, ನನ್ನ ಅಂದಿನ ಮಾತಿನ ಹಿಂದಿದ್ದ ಸದುದ್ದೇಶದ ವಿವರಣೆಯಿತ್ತು. ಕ್ಷಮಿಸು ಎಂಬ ಮಾತು ಮಾತ್ರ ಶೈಲಿಗೆ ಹೊಂದದೆ ಹೊರಗುಳಿಯಿತು. ಮಡಿಸಿ, ಅಂಚೆಗೆ ಹಾಕಿ ಬಂದು ನೋಡಿದರೆ, ಭವ್ಯ ಪತ್ರ ಮೇಜಿನ ಮೇಲೆಯೇ ಇತ್ತು. ಲಕೋಟೆಯಲ್ಲಿ ಹೋದದ್ದು ಶಾಯಿ ಪರೀಕ್ಷೆಯ ಹಾಳೆ.

ಮರುದಿನವೇ ಅಕ್ಕನ ಫೋನು. "ಶೋಜೀ, ಇಷ್ಟೊಂದು ಅತ್ತೆಯೇನೋ? ಒಂದು ಸಾಲು ಬಿಟ್ಟು ಬರೆದಿದ್ದೆಲ್ಲ ಕಣ್ಣೀರಲ್ಲೇ ತೊಳೆದುಹೋಗಿದೆಯಲ್ಲೋ!" ಆರು ವರ್ಷಗಳ ಮೇಲೆ ಕೇಳಿದ ದನಿ. ನಳಿಕೆಯ ವಿಚಾರ ನನ್ನ ಬಾಯಿಂದ ಹೊರಡಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಹೋದೆ. ಅಕ್ಕ ಹಿಡಿಯಷ್ಟಾಗಿದ್ದಳು. ಸುಳ್ಳಿನ ಕಣ್ಣೀರನ್ನು ನಂಬಿಕೊಂಡು ಅವಳು ಆಪರೇಷನ್ನಿಗೆ ಹೋಗುವುದು ಬೇಡವೆನಿಸಿ, ತಲೆ ತಗ್ಗಿಸಿ ನಿಜ ಹೇಳಿಬಿಟ್ಟೆ. "ಗೊತ್ತು ಕಣೋ" ಎಂದಳು. "ಫೋನಿಟ್ಟ ಮೇಲೆ ಇನ್ನೊಂದ್ಸಲ ನೋಡ್ದೆ. ಕಣ್ಣೀರು ಯಾರಿಗಾದ್ರೂ ಸಾಲಿಗೊಂದು ಹನಿ, ಅಳತೆಪಟ್ಟಿ ಇಟ್ಟ ಹಾಗೆ ಬೀಳುತ್ತಾ? ನೀನು ಸುಳ್ಳೇ ಅತ್ರೂ ಅಚ್ಚುಕಟ್ಟು!" ನಗಬಾರದೆಂದು ಡಾಕ್ಟರರ ಅಪ್ಪಣೆಯಿದ್ದರೂ ನಕ್ಕಳು. ಆಮೇಲೆ ನನ್ನ ತೋಳು ಹಿಡಿದು, "ಹನ್ನೊಂದು ಸಲ ಬರೆದೆಯಲ್ಲ, ಒಂದು ಸಲ ಬಾಯಲ್ಲಿ ಹೇಳು" ಎಂದಳು. ಹೇಳಿದೆ. ಆಗ ಬಿದ್ದ ನೀರು ಮಾತ್ರ ಸಾಲಿನಲ್ಲಿ ಬೀಳಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ಈಗ ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲವೆಂದು ನರ್ಸುಗಳನ್ನು ಬೈಯುತ್ತಿದ್ದಾಳೆ.

ಆದಕಾರಣ ಮಾನ್ಯರೇ, ಬರೆದದ್ದನ್ನು ಈ ಶಾಯಿ ಕಾಪಾಡುತ್ತದೆ, ಬರೆಯದೆ ಬಿಟ್ಟದ್ದನ್ನು ಕಾಪಾಡದು ಎಂದು ಬಾಟಲಿಯ ಮೇಲೆ ಮುದ್ರಿಸಬೇಕೆಂದೂ, ಯಾರೂ ಓದದ ನನ್ನ ಮೂರು ಪುಟಗಳನ್ನು ಓದಿ ತಲೆದೂಗಲು ಕಾರ್ಖಾನೆಯಿಂದ ಒಬ್ಬ ಸಹನಶೀಲ ಅಧಿಕಾರಿಯನ್ನು ಕಳಿಸಿಕೊಡಬೇಕೆಂದೂ ವಿನಯದಿಂದ ಕೋರುವ,

ತಮ್ಮ ವಿಶ್ವಾಸಿ,
ಉರಾತಾ ಶೋಜಿ

ತಾ.ಕ.: ತಮ್ಮ ಪಟ್ಟದ ಶಾಯಿಯನ್ನು ಅಕ್ಕನಿಗೂ ಒಂದು ಬಾಟಲಿ ಒಯ್ದಿದ್ದೆ. ಬೇಡವೆಂದು, ಬೇರೆ ಕಂಪನಿಯ ಅಗ್ಗದ ಗುಲಾಬಿ ಬಣ್ಣ ತರಿಸಿಕೊಂಡಿದ್ದಾಳೆ. ಒದ್ದೆ ಬೆರಳು ತಾಗಿದರೆ ಮಾಯ. ತಮ್ಮನನ್ನು ಬೈದು ಬರೆಯಲು ಅದೇ ಸರಿಯಂತೆ.