ಮರಿಲಿಂಗಪ್ಪ ಗಾಳಿ ಅಳೆದದ್ದು

ಎರಡು ಚೀಟಿಗಳು ನೆನೆದು ಉದುರಿಹೋದದ್ದೇ ಮರಿಲಿಂಗಪ್ಪನ ಆ ದಿನದ ಅವಾಂತರಕ್ಕೆಲ್ಲ ಮೂಲ.

ಮರಿಲಿಂಗಪ್ಪ ರಂಗಂಪೇಟೆಯಲ್ಲಿ ಟೀವಿ, ಮಿಕ್ಸರ್, ಮೊಬೈಲು ರಿಪೇರಿ ಮಾಡುವವನು. ಯಾವುದನ್ನಾದರೂ ಬಿಚ್ಚುವುದೆಂದರೆ ಅವನಿಗೆ ಮದುವೆಯೂಟಕ್ಕೆ ಕೂತಷ್ಟು ಹಿಗ್ಗು. ಅವನ ಹೆಂಡತಿ ಶೇಖಮ್ಮನ ಅಣ್ಣ ಮಹಾದೇವಪ್ಪ ಡೈವರ್. ಕಾಲುವೆಗೆ ನೀರು ಬಿಡುವ ಗೇಟು ಎಲ್ಲಾದರೂ ಸಿಕ್ಕಿಬಿದ್ದರೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳಕ್ಕೆ ಇಳಿಯುತ್ತಿದ್ದ. ಅಂದೂ ಅಂಥದೇ ಕೆಲಸವಿತ್ತು. ಗೇಟು ಏಳದಿದ್ದರೆ ದೋರನಹಳ್ಳಿ ಕಡೆಯ ಹೊಲಗಳಿಗೆ ನೀರಿಲ್ಲ.

ಮುಂಜಾನೆ ಹೈದರಾಬಾದಿನಿಂದ ಎರಡು ಸಿಲಿಂಡರ್ ಹೊತ್ತು ತಂದ ಮಹಾದೇವಪ್ಪ, ಅವನ್ನು ಜೀಪಿನಿಂದ ಇಳಿಸಿದವನೇ ಮರಿಲಿಂಗಪ್ಪನ ಮನೆಯ ಕಟ್ಟೆಯ ಮೇಲೆ ಕುಸಿದು ಕೂತ. ಜೀಪಿನಲ್ಲಿ ಪಕ್ಕಕ್ಕೇ ಇದ್ದ ಮೀನಿನ ಪೆಟ್ಟಿಗೆಯ ಐಸು ಕರಗಿ, ಸಿಲಿಂಡರಿಗೆ ಅಂಟಿಸಿದ್ದ ಚೀಟಿಗಳೆರಡೂ ಮಾಯವಾಗಿದ್ದವು.

“ಒಂದರಾಗ ಸಾದಾ ಗಾಳಿ ಅದ. ಇನ್ನೊಂದರಾಗ ಆಕ್ಸಿಜನ್ ಭಾಳ ಬೆರಸ್ಯಾರ. ಅದು ಕೆಲಸ ಮುಗಿಸಿ ನೀರಿನ ಮ್ಯಾಲ ಮ್ಯಾಲ ಬಂದಾಗ ಎಳಕೊಳ್ಳಾಕ. ಅದನ್ನೇ ತಳದಾಗ ಎಳಕೊಂಡ್ರ ಫಿಟ್ಸ್ ಬಂದು ಅಲ್ಲೇ ಖತಂ. ಈಗ ಯಾವುದು ಯಾವುದೋ!”

“ಮೂಸಿ ನೋಡಣ್ಣ,” ಎಂದಳು ಶೇಖಮ್ಮ.

“ಎರಡಕ್ಕೂ ವಾಸನಿ ಇಲ್ಲವ್ವ. ಹೈದರಾಬಾದಿಗೆ ವಾಪಸ್ ಒಯ್ಯಬೇಕು, ಇಲ್ಲಾ ಜೀವದ ಆಸೆ ಬಿಡಬೇಕು.”

ಮರಿಲಿಂಗಪ್ಪನ ಕಣ್ಣುಗಳು ಆಗಲೇ ಮಿಂಚತೊಡಗಿದ್ದವು. “ಮಹಾದೇವಣ್ಣ, ನೀ ಗೇಟಿನ ಹತ್ರ ಹೋಗಿ ಎಂಜಿನಿಯರ್ ಸಾಹೇಬ್ರನ್ನ ನೋಡಿ ಬಾ. ನೀ ಬರೋದ್ರಾಗ ಯಾವುದರಾಗ ಎಷ್ಟು ಆಕ್ಸಿಜನ್ ಅದ ಅಂತ ಅಳದು ಇಟ್ಟಿರ್ತೀನಿ.”

“ಅಳೆಯೋ ಮಷೀನ್ ಎಲ್ಲದೋ?”

“ಇನ್ನೇನು, ಮಾಡ್ತೀನಿ!”

ಆಸ್ಪತ್ರೆಯೊಂದು ಮಾರಿಬಿಟ್ಟಿದ್ದ ಹಳೆಯ ಉಸಿರಾಟದ ಯಂತ್ರವನ್ನು ಬಿಚ್ಚಿದಾಗ ಅವನಿಗೊಂದು ಹೆಬ್ಬೆರಳು ಗಾತ್ರದ ಸೆನ್ಸರ್ ಸಿಕ್ಕಿತ್ತು. ಆಕ್ಸಿಜನ್ ತಾಕಿದರೆ ಅದು ತಾನಾಗಿಯೇ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತಿತ್ತು. ಆಕ್ಸಿಜನ್ ಹೆಚ್ಚಾದಷ್ಟೂ ವಿದ್ಯುತ್ತೂ ಹೆಚ್ಚು. ಮರಿಲಿಂಗಪ್ಪ ಅದನ್ನು ಪ್ಲಾಸ್ಟಿಕ್ ಪೈಪಿನ ತುಂಡಿನೊಳಗೆ ಕೂರಿಸಿದ, ಸಲೈನ್ ನಳಿಕೆ ಸಿಕ್ಕಿಸಿದ, ವೈರು ಎಳೆದು ಮೀಟರಿಗೆ ಜೋಡಿಸಿದ. ಮೀಟರು ಹತ್ತು ಎಂದು ತೋರಿಸಿತು. ಗಾಳಿಯಲ್ಲಿ ಆಕ್ಸಿಜನ್ ನೂರಕ್ಕೆ ಇಪ್ಪತ್ತೊಂದು ಪಾಲು. ಅಂದರೆ ಮೀಟರಿನ ಹತ್ತಕ್ಕೆ ಇಪ್ಪತ್ತೊಂದು. ಇಷ್ಟು ಸುಲಭವೇ ಎಂದು ಅವನಿಗೇ ನಂಬಿಕೆ ಬರಲಿಲ್ಲ.

“ಶೇಖಮ್ಮಾ, ಬಾ ಇಲ್ಲಿ! ನಮ್ಮ ಪಡಸಾಲ್ಯಾಗಿನ ಗಾಳಿ ಕರೆಂಟ್ ಹುಟ್ಟಸಾಕತ್ತದ!”

“ಹಂಗಾರ ಅದಕ್ಕ ಫ್ಯಾನ್ ಹಚ್ಚು. ಮುಂಜಾನಿಂದ ಕರೆಂಟ್ ಇಲ್ಲ, ಜೀವ ಬೇಯಾಕತ್ತದ.”

ಈ ಮಾತು ಗೋಡೆಯಾಚೆಗಿನ ಕುಬ್ರಾಬೇಗಂಗೆ ಕೇಳಿಸಿತು. ಆಕೆ ಬಂದಳು. ಆಕೆ ಬಂದದ್ದನ್ನು ಕಂಡು ಎದುರಿನ ಕಿರಾಣಿ ಅಂಗಡಿಯ ಹಂಪಮ್ಮ ಬಂದಳು. ಆಕೆಯನ್ನು ಕರೆಯಲು ಬಂದ ಗಂಡ ಅಯ್ಯಣ್ಣನೂ ಅಲ್ಲೇ ನಿಂತ. ಸ್ವಲ್ಪ ಹೊತ್ತಿಗೆ ಪಡಸಾಲೆ ಬಸ್‌ಸ್ಟ್ಯಾಂಡಿನಂತಾಯಿತು.

“ಇದರಾಗ ಊದಿದ್ರ ಏನಾಗ್ತದಪ?” ಎಂದು ಕೇಳಿದ ಕುಬ್ರಾಬೇಗಂ ಉತ್ತರಕ್ಕೆ ಕಾಯದೆ ಊದಿಬಿಟ್ಟಳು. ಲೆಕ್ಕ ಹಾಕಿದರೆ ಹದಿನೇಳು ಬಂತು. “ಯಾ ಅಲ್ಲಾ! ಉಳಿದ ನಾಲ್ಕು ಎಲ್ಲಿ ಹೋತು?”

“ನಿಮ್ಮ ಮೈ ತಿಂದದ್ರಿ. ಒಳಗ ತಗೊಂಡಿದ್ದು ಪೂರಾ ಹೊರಗ ಬರಂಗಿಲ್ಲ.”

ತನ್ನ ಮೈ ಎಷ್ಟು ತಿನ್ನುತ್ತದೆ ಎಂಬ ಕುತೂಹಲ ಎಲ್ಲರಿಗೂ ಹುಟ್ಟಿತು. ಹಂಪಮ್ಮನದು ಹದಿನಾರು. ಆಕೆ ಏನೋ ಬಹುಮಾನ ಗೆದ್ದವಳಂತೆ ಸುತ್ತ ನೋಡಿದಳು. ಎಲ್ಲರನ್ನೂ ಅತ್ತ ಸರಿಸಿ ಮರಿಲಿಂಗಪ್ಪ ಕೊನೆಗೂ ನಳಿಕೆಯನ್ನು ಸಿಲಿಂಡರಿಗೆ ಹಿಡಿದ. ಮೊದಲನೆಯದಕ್ಕೆ ಬಂದದ್ದು ಇಪ್ಪತ್ತೊಂದು. ಎರಡನೆಯದಕ್ಕೆ ಮೀಟರು ಸರಸರನೆ ಏರಿ ಎಪ್ಪತ್ತೇಳರ ಲೆಕ್ಕಕ್ಕೆ ಹೋಗಿ ನಿಂತಿತು. ಅವನ ರೋಮಗಳು ನಿಮಿರಿದವು. ಒಬ್ಬ ಮನುಷ್ಯನ ಜೀವ ಉಳಿದಿತ್ತು, ಅದೂ ತನ್ನ ಪೈಪಿನ ತುಂಡಿನಿಂದ!

ಅವನು ಎರಡನೆಯ ಸಿಲಿಂಡರಿಗೆ ಕೆಂಪು ಬಟ್ಟೆ ಕಟ್ಟಿದ. “ಕೇಳ್ರಿ ಎಲ್ಲಾರೂ. ಈ ಕೆಂಪಂದು ಯಾರೂ ಮುಟ್ಟಬ್ಯಾಡ್ರಿ. ಒಂದು ಕಿಡಿ ತಾಕಿದ್ರ ಮನಿ ಹೋಗ್ತದ. ಇದು ಮಾತ್ರ ಸಾದಾ ಗಾಳಿ, ನಾವು ನೀವು ಉಸರಾಡೋದು. ಅಂಜೋದೇನಿಲ್ಲ.”

ಅಷ್ಟರಲ್ಲಿ ಅಯ್ಯಣ್ಣ ನಳಿಕೆ ಎತ್ತಿಕೊಂಡಿದ್ದ. ಹೆಂಡತಿಗಿಂತ ಕಡಿಮೆ ತರಲೇಬೇಕೆಂದು ಅವನು ಉಸಿರು ಕಟ್ಟಿ ಹಿಡಿದ. ಮುಖ ಟೊಮೇಟೊ ಆಯಿತು, ಆಮೇಲೆ ಬದನೆಕಾಯಿ ಆಯಿತು. ಕೊನೆಗೆ ಊದಿ, ಗೋಡೆಗೊರಗಿ ಕಣ್ಣು ಮುಚ್ಚಿದ. ಬಂದದ್ದು ಹನ್ನೆರಡು.

“ಅಯ್ಯೋ, ನನ್ನ ಗಂಡಗ ಹನ್ನೆರಡೇ ಉಳದದ!” ಎಂದು ಹಂಪಮ್ಮ ಎದೆ ಬಡಿದುಕೊಂಡಳು. “ಲೇ ಮರಿಲಿಂಗಪ್ಪ, ನಿನ್ನ ಮಷೀನೇ ಎಳಕೊಂಡದ. ನೀನೇ ದವಾಖಾನಿಗೆ ಕರಕೊಂಡು ಹೋಗು!”

ಮರಿಲಿಂಗಪ್ಪ ವಿವರಿಸಲು ಬಾಯಿ ತೆರೆಯುವ ಮೊದಲೇ ಅವನನ್ನೂ ಅಯ್ಯಣ್ಣನನ್ನೂ ಆಟೋದಲ್ಲಿ ತುರುಕಿ ಸುರಪುರಕ್ಕೆ ಅಟ್ಟಿದರು. ದವಾಖಾನೆಯ ಸಾಲಿನಲ್ಲಿ ಬಹಳ ಹೊತ್ತು ಕೂತ ಮೇಲೆ ಡಾಕ್ಟರು ಅಯ್ಯಣ್ಣನ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಮರಿಲಿಂಗಪ್ಪನನ್ನೇ ಬೈದರು. “ಉಸರ ಕಟ್ಟಿ ಕೂತ್ರ ಯಾರದರೆ ಆಕ್ಸಿಜನ್ ಇಳೀತದ. ಇವರು ಗಟ್ಟಿ ಅದಾರ. ನಿಮ್ಮ ಮುಖನೇ ಬಿಳಿಚ್ಯಾದ, ಮೊದಲ ನೀರು ಕುಡೀರಿ.”

ಸಂಜೆಯ ಹೊತ್ತಿಗೆ ವಾಪಸು ಬಂದರೆ ಮನೆಯಲ್ಲಿ ಆಶ್ಚರ್ಯ. ಹೊರಗೆ ಕೆಂಡದಂಥ ಬಿಸಿ, ಒಳಗೆ ಪಡಸಾಲೆ ಹಿತವಾಗಿ ತಂಪು. ಹೆಂಗಸರೆಲ್ಲ ಸಾಲಾಗಿ ಕೂತು ನಗುತ್ತಿದ್ದರು. ಕುಬ್ರಾಬೇಗಂ ತೂಕಡಿಸುತ್ತಿದ್ದಳು. ಏನು ಎತ್ತ ಎಂದು ಕೇಳುವಷ್ಟರಲ್ಲಿ ಮಹಾದೇವಪ್ಪ ಓಡೋಡುತ್ತ ಬಂದ.

“ಗೊತ್ತಾತೇನೋ? ಎಂಜಿನಿಯರ್ ಸಾಹೇಬ್ರು ಕಾಯಾಕತ್ತಾರ. ಬೆಳಕು ಇರೋದ್ರಾಗ ಇಳೀಬೇಕು.”

“ಗೊತ್ತಾತಣ್ಣ! ಕೆಂಪು ಬಟ್ಟಿದು ಎಪ್ಪತ್ತೇಳು. ಇದು ಸಾದಾ. ಕಣ್ಣು ಮುಚ್ಚಿ ಇಳಿ.”

ಮಹಾದೇವಪ್ಪ ಅವನನ್ನು ಅಪ್ಪಿಕೊಂಡ. ಸಾದಾ ಗಾಳಿಯ ಸಿಲಿಂಡರಿಗೆ ಒತ್ತಡ ತೋರಿಸುವ ಗೇಜು ಜೋಡಿಸಿದ. ಮುಳ್ಳು ಅಲುಗಲಿಲ್ಲ. ಗೇಜನ್ನು ಬೆರಳಿನಿಂದ ತಟ್ಟಿದ. ಮುಳ್ಳು ಸೊನ್ನೆಯ ಮೇಲೇ ಮಲಗಿತ್ತು.

“ಇದು ಖಾಲಿ ಅದಲ್ಲೋ!”

ಕುಬ್ರಾಬೇಗಂ ಕಣ್ಣು ಬಿಟ್ಟಳು. “ಖಾಲಿ ಆತಾ? ಅದಕ್ಕೇ ಸೆಕಿ ಶುರು ಆಗ್ಯಾದ ನೋಡು. ಭಾಳ ಛಲೋ ತಂಪು ಗಾಳಿ ಬರಾಕತ್ತಿತ್ತು.”

“ನೀವು ಇದರ ನಳ ತಿರುವಿದ್ರೇನ್ರೀ?” ಮರಿಲಿಂಗಪ್ಪನ ಧ್ವನಿ ಕೀರಲಾಯಿತು.

“ನೀನೇ ಹೇಳಿದ್ದೀ ಅಲ್ಲಪ, ಇದು ಸಾದಾ ಗಾಳಿ, ಅಂಜೋದೇನಿಲ್ಲ ಅಂತ. ಇಲ್ಲಾಂದ್ರ ನಾವ್ಯಾಕ ಮುಟ್ತಿದ್ವಿ? ಮುಂಜಾನಿ ಎರಡಕ್ಕೂ ಅಂಜಿ ದೂರ ನಿಂತಿದ್ವಿ.”

“ಕೆಂಪಂದು ಮಾತ್ರ ಯಾರಿಗೂ ಮುಟ್ಟಾಕ ಬಿಟ್ಟಿಲ್ಲ ನೋಡು,” ಎಂದಳು ಹಂಪಮ್ಮ. “ನಾನೇ ಕಾದು ಕೂತೀನಿ.”

ಮಹಾದೇವಪ್ಪ ಎಂಜಿನಿಯರಿಗೆ ಫೋನು ಮಾಡಿ, ಗೇಟಿನ ಕೆಲಸ ನಾಳೆಗೆ ಎಂದು ಬೇಡಿಕೊಂಡ. ಫೋನು ಇಟ್ಟು ಖಾಲಿ ಸಿಲಿಂಡರನ್ನು ಎತ್ತಿ ಮರಿಲಿಂಗಪ್ಪನ ಹೆಗಲ ಮೇಲಿಟ್ಟ.

“ಹೈದರಾಬಾದ್ ಬಸ್ ಹೊರಡೋ ಹೊತ್ತಾತು, ಹೋಗು. ಬರುವಾಗ ಇದರ ಮ್ಯಾಲೂ ಒಂದು ಕೆಂಪು ಬಟ್ಟಿ ಕಟಗೊಂಡು ಬಾ.”